ಎಂಟು ಕಳೆದು ಓದುವ ಮೀಟರು

ಗದ್ವಾಲ
11 ಜೂನ್ 2018

ಮಹಾಂತಯ್ಯನವರಿಗೆ ಗಂಗಾಂಬಿಕಾಳ ಶರಣು.

ಮೊನ್ನೆ ಫೋನ್ ಮಾಡಿದ್ದು ನಾನೇ. ನೀವು ನಾಲ್ಕು ಸಲ “ಯಾರೂ?” ಅಂದಿರಿ, ನಾನು ನಾಲ್ಕು ಸಲ ಹೆಸರು ಕೂಗಿದೆ. ಕೊನೆಗೆ “ಗ್ಯಾಸ್ ಬ್ಯಾಡಪ್ಪ, ಮೊನ್ನೆನ ಬಂದೈತಿ” ಅಂತ ಹೇಳಿ ಇಟ್ಟುಬಿಟ್ಟಿರಿ. ಇಪ್ಪತ್ತಾರು ವರ್ಷ ಎಣ್ಣೆ ಗಿರಣಿಯ ಯಂತ್ರಗಳ ಪಕ್ಕ ನಿಂತ ಕಿವಿ, ಇನ್ನೇನಾದೀತು. ಎದುರಿಗೆ ಕೂತು ಕೂಗಿದರೆ ನಿಮಗೆ ಕೇಳುತ್ತದೆ, ಆದರೆ ಮಕ್ತಲಿಗೆ ಬರಲು ನನಗೆ ರಜೆ ಇಲ್ಲ. ಅದಕ್ಕೇ ಈ ಕಾಗದ. ಗಿರಣಿಯಲ್ಲಿ ದಿನವಿಡೀ ತೆಲುಗು, ಕಂಪ್ಯೂಟರಿನಲ್ಲಿ ಇಂಗ್ಲಿಷು. ಕನ್ನಡದಲ್ಲಿ ಬರೆದು ವರ್ಷಗಳೇ ಆಗಿವೆ, ತಪ್ಪಿದ್ದರೆ ನಗಬೇಡಿ.

ಮ್ಯಾನೇಜರ್ ಶಿವಶಂಕರಪ್ಪನವರು ಹೈದರಾಬಾದಿನಿಂದ ಹೊಸ ಕಂಪ್ಯೂಟರ್ ತರಿಸಿದ್ದಾರೆ. ಗಿರಣಿಯಲ್ಲಿ ಪೈಪು, ಟ್ಯಾಂಕುಗಳಿಗೆ ಕಚ್ಚಿಕೊಂಡಿರುವ ಪ್ರತಿಯೊಂದು ಮೀಟರಿನ ಜಾತಕವೂ ಅದರಲ್ಲಿ ಇರಬೇಕಂತೆ: ಯಾವ ಕಂಪನಿಯದು, ಯಾವಾಗ ಹಾಕಿದ್ದು, ಎಷ್ಟರಿಂದ ಎಷ್ಟರವರೆಗೆ ಅಳೆಯುತ್ತದೆ, ಕೊನೆಗೆ ಯಾರು ಮುಟ್ಟಿದರು. ಒಮ್ಮೆ ಎಲ್ಲ ಸೇರಿಸಿದರೆ ಕುರ್ಚಿಯಲ್ಲಿ ಕೂತೇ ಯಾವ ಮೀಟರನ್ನಾದರೂ ಮಾತಾಡಿಸಬಹುದು. ಇದಕ್ಕೆ ಅಸೆಟ್ ಮ್ಯಾನೇಜ್ಮೆಂಟ್, ಅಂದರೆ ಆಸ್ತಿ ನೋಡಿಕೊಳ್ಳುವುದು, ಅಂತ ಹೆಸರು. ನಾರಾಯಣಪೇಟೆಗೆ ಹೋದಾಗ ಅಮ್ಮನಿಗೆ ಹೇಳಿದರೆ ಮಗ್ಗದಿಂದ ತಲೆ ಎತ್ತದೆ, “ಆಸ್ತಿ ಅವರದು, ಕಾಲು ನಿಂದು” ಅಂದಳು.

ಕಾಲು ನನ್ನದೇ. ಒಟ್ಟು ಇನ್ನೂರ ಹದಿನಾಲ್ಕು ಮೀಟರು. ಕೈಯಲ್ಲಿ ಹಿಡಿಯುವ ಯಂತ್ರ ತಗುಲಿಸಿ ಒಂದೊಂದನ್ನೂ ಓದುತ್ತ ನಾಲ್ಕು ಮಹಡಿ ಹತ್ತಿ ಇಳಿಯುತ್ತಿದ್ದೇನೆ. ಎಣ್ಣೆ ಹಿಡಿದ ಮೆಟ್ಟಿಲು, ಜೂನ್ ಬಂದರೂ ಬಿಡದ ಸೆಕೆ. ಮನೆಗೆ ಬಂದರೆ ತಟ್ಟೆ ಮುಂದೆಯೇ ತೂಕಡಿಕೆ ಬರುತ್ತದೆ. ಏಳು ಮೀಟರುಗಳ ಹೆಸರಿನ ಫಲಕದ ಮೇಲೆ ಯಾರೋ ಪುಣ್ಯಾತ್ಮರು ಬಣ್ಣ ಬಳಿದಿದ್ದಾರೆ. ಅವೆಲ್ಲಿವೆ ಅಂತ ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ನಿಮಗೆ ನೆನಪಿದ್ದರೆ ತಿಳಿಸಿ.

ನಿಮ್ಮ ಶಿಷ್ಯೆ,
ಗಂಗಾ

—

ಮಕ್ತಲ್
20 ಜೂನ್ 2018

ಚಿರಂಜೀವಿ ಗಂಗಾಳಿಗೆ ಮಹಾಂತಯ್ಯನ ಆಶೀರ್ವಾದ.

ಗ್ಯಾಸಿನವನೂ ನಿನ್ನಂತೆಯೇ ಕೂಗುತ್ತಾನೆ, ನನ್ನ ತಪ್ಪೇನಿಲ್ಲ. ರಾಯಚೂರಿನ ಡಾಕ್ಟರು ಕಿವಿಗೆ ಒಂದು ಮಿಷಿನ್ನು ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡರೆ ನಮ್ಮ ಮನೆಯವಳು ಗುರುಲಿಂಗಮ್ಮ ಬಯ್ಯುವುದೆಲ್ಲ ಕೇಳುತ್ತದೆ ಅಂತ ಡಬ್ಬಿಯಲ್ಲಿಯೇ ಇಟ್ಟಿದ್ದೇನೆ.

ಬಣ್ಣ ಬಳಿದ ಪುಣ್ಯಾತ್ಮ ನಾನೇ. ದಿಲ್ಲಿಯಿಂದ ಯಾರೋ ದೊಡ್ಡವರು ಬರುತ್ತಾರೆ ಅಂದರು, ಎರಡು ದಿನದಲ್ಲಿ ಎಲ್ಲ ಹಸಿರು ಮಾಡಬೇಕೆಂದರು, ಮಾಡಿದೆ. ಅವರು ಬರಲಿಲ್ಲ. ಏಳೂ ಮೀಟರುಗಳ ವಿವರ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಐದನೆಯದರ ವರ್ಷ ಮಾತ್ರ ಅನುಮಾನ, ರಾಜ್ಯ ಬೇರೆಯಾದ ವರ್ಷವೋ ಅದರ ಹಿಂದಿನದೋ. ಆ ದಿನ ಪಟಾಕಿ ಹಾರಿಸುತ್ತಿದ್ದರು ಅನ್ನುವುದಷ್ಟೇ ನೆನಪು.

ಕುರ್ಚಿಯಲ್ಲಿ ಕೂತು ಮೀಟರು ಮಾತಾಡಿಸುವ ಕಾಲ ಬಂತಲ್ಲ, ಸಂತೋಷ. ನಾವು ಕೈ ಇಟ್ಟು, ಕಿವಿ ಇಟ್ಟು ತಿಳಿದುಕೊಳ್ಳುತ್ತಿದ್ದೆವು. ಕಿವಿ ಅದಕ್ಕೇ ಹೋಯಿತು.

ಒಂದು ಮಾತು. ಬಾಯ್ಲರಿನ ಬಿಸಿನೀರಿನ ಟ್ಯಾಂಕಿಗೆ ನೀರಿನ ಮಟ್ಟ ತೋರಿಸುವ ಮೀಟರು ಇದೆಯಲ್ಲ, ಅದರ ತಂಟೆಗೆ ಹೋಗಬೇಡ. ಚೆನ್ನಾಗಿ ನಡೆಯುತ್ತಿದೆ. ಬಾಯ್ಲರ್ ನಡೆಸುವ ನರಸಿಂಹುಲುಗೆ ಅದರ ಮರ್ಜಿ ಗೊತ್ತು.

ಹೊಟ್ಟೆ ತುಂಬ ಊಟ ಮಾಡು. ತಟ್ಟೆ ಮುಂದೆ ನಿದ್ದೆ ಮಾಡಬೇಡ.

ಇತಿ,
ಮಹಾಂತಯ್ಯ

—

ಗದ್ವಾಲ
14 ಸೆಪ್ಟೆಂಬರ್ 2018

ಅಯ್ಯನವರಿಗೆ ಶರಣು.

ಮೂರು ತಿಂಗಳು ಬರೆಯಲಾಗಲಿಲ್ಲ, ಬೈದುಕೊಂಡಿರುತ್ತೀರಿ. ಇನ್ನೂರ ಹದಿನಾಲ್ಕೂ ಮುಗಿದವು. ನಿನ್ನೆ ಚೌತಿಗೆ ಊರಿಗೆ ಹೋಗಬೇಕೆಂದಿದ್ದೆ. ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಬೆಂಚಿನ ಮೇಲೆ ಕೂತವಳಿಗೆ ಏಳಲು ಮನಸ್ಸಾಗದೆ ವಾಪಸ್ ಬಂದು ಮಲಗಿದೆ. ನನ್ನ ವಯಸ್ಸು ಇಪ್ಪತ್ತೆಂಟು ಅಂತ ನನಗೇ ನಂಬಿಕೆಯಿಲ್ಲ.

ಒಂದು ತಮಾಷೆ ಹೇಳುತ್ತೇನೆ. ಕಂಪ್ಯೂಟರಿನೊಳಗೆ ಹೋಗಲು ಒಂದು ಹೆಸರು ಬೇಕು. ನನ್ನ ಹೆಸರು ಸೇರಿಸಲು ಹೈದರಾಬಾದಿಗೆ ಬರೆಯಬೇಕು, ಅವರು ಒಪ್ಪಬೇಕು, ಅದೆಲ್ಲ ತಾಪತ್ರಯ ಅಂತ ಶಿವಶಂಕರಪ್ಪನವರು ಹಳೆಯ ಪಟ್ಟಿಯಲ್ಲಿದ್ದ ನಿಮ್ಮ ಹೆಸರನ್ನೇ ಕೊಟ್ಟಿದ್ದಾರೆ. ಹಾಗಾಗಿ ನಿವೃತ್ತಿಯಾಗಿ ಮೂರು ವರ್ಷವಾದರೂ ನೀವು ದಿನಾ ಎಂಟಕ್ಕೆ ಸರಿಯಾಗಿ ಡ್ಯೂಟಿಗೆ ಬರುತ್ತಿದ್ದೀರಿ. ಸಂಬಳ ಕೇಳಿ ನೋಡಿ.

ಇನ್ನೊಂದು. ನೀವು ಬೇಡ ಅಂದ ಟ್ಯಾಂಕಿನ ಮೀಟರನ್ನು ನೋಡಿದೆ. ಓದದೆ ಬಿಟ್ಟರೆ ಕಂಪ್ಯೂಟರು ಕೆಂಪು ಗುರುತು ತೋರಿಸುತ್ತಲೇ ಇರುತ್ತದೆ. ಟ್ಯಾಂಕ್ ಖಾಲಿ ಮಾಡಿದ ದಿನವೂ ಅದು ನೂರಕ್ಕೆ ಎಂಟು ಅಂತ ತೋರಿಸುತ್ತಿತ್ತು. ನೀರೇ ಇಲ್ಲದೆ ಎಂಟು! ಬುಧವಾರ ಕುರ್ಚಿಯಲ್ಲಿ ಕೂತೇ ಸರಿ ಮಾಡಿದೆ. ಈಗ ಖಾಲಿ ಅಂದರೆ ಸೊನ್ನೆ, ತುಂಬಿದರೆ ನೂರು. ಬದಲಾವಣೆಯ ಚೀಟಿಯನ್ನೂ ಕಂಪ್ಯೂಟರಿನಲ್ಲಿ ಬರೆದಿಟ್ಟೆ. ಇಷ್ಟು ಸಣ್ಣ ಕೆಲಸವನ್ನು ನೀವೇಕೆ ಮಾಡಲಿಲ್ಲ ಅಂತ ಆಶ್ಚರ್ಯವಾಯಿತು. ಗುರುವಿನ ಒಂದು ತಪ್ಪು ಹಿಡಿದೆ ಅಂತ ಸ್ವಲ್ಪ ಜಂಬವೂ ಇದೆ.

ನಿಮ್ಮ
ಗಂಗಾ

—

ಮಕ್ತಲ್
20 ಸೆಪ್ಟೆಂಬರ್ 2018

ಗಂಗಾ,

ಈ ಕಾಗದ ಕೈಗೆ ಬಂದ ಕೂಡಲೇ ಎದ್ದು ಬಾಯ್ಲರ್ ಮನೆಗೆ ಹೋಗು. ನರಸಿಂಹುಲುಗೂ ಉಳಿದ ಇಬ್ಬರು ಆಪರೇಟರುಗಳಿಗೂ ಬಾಯಿಬಿಟ್ಟು ಹೇಳು: ಇನ್ನು ಮೇಲೆ ಎಂಟು ಕಳೆಯಬೇಡಿ ಅಂತ. ಆ ಮೀಟರು ಎಂಟು ಹೆಚ್ಚು ತೋರಿಸುತ್ತದೆಂದು ಅವರಿಗೆ ಗೊತ್ತು. ಪ್ಯಾನೆಲ್ಲಿನಲ್ಲಿ ತೊಂಬತ್ತೆಂಟು ಕಂಡರೆ ನೀರು ತೊಂಬತ್ತೇ ಇದೆ ಅಂತ ಅವರ ಲೆಕ್ಕ. ನಾನೇ ಹಾಗೆ ಕಲಿಸಿದ್ದು. ಎಲ್ಲಿಯೂ ಬರೆದಿಲ್ಲ, ಬಾಯಿಂದ ಬಾಯಿಗೆ ಬಂದದ್ದು. ಅವರು ನಿನ್ನ ಕಂಪ್ಯೂಟರಿನ ಚೀಟಿ ಓದುವುದಿಲ್ಲ.

ದಿನಾ ಅರ್ಧಕ್ಕೆ ನಡೆಯುವ ಟ್ಯಾಂಕು, ಏನೂ ಆಗುವುದಿಲ್ಲ. ಪೂರ್ತಿ ತುಂಬಿಸುವ ದಿನ ಮಾತ್ರ ಅಪಾಯ. ಇವತ್ತೇ ಹೇಳು.

ಮಹಾಂತಯ್ಯ

—

ಗದ್ವಾಲ
29 ಸೆಪ್ಟೆಂಬರ್ 2018

ಅಯ್ಯನವರಿಗೆ,

ನಿಮ್ಮ ಕಾಗದ ಸೋಮವಾರ ಇಪ್ಪತ್ನಾಲ್ಕಕ್ಕೆ ಬಂತು. ಶುಕ್ರವಾರ ಮೊಹರಂ, ಅಂಚೆಗೆ ರಜೆ, ಆಮೇಲೆ ಭಾನುವಾರ.

ಆದದ್ದು ಅದೇ ಶುಕ್ರವಾರ ಮಧ್ಯಾಹ್ನ. ಪೀರ್‌ಗಳ ಹಬ್ಬಕ್ಕೆ ಅರ್ಧ ಜನ ಊರಿಗೆ ಹೋಗಿದ್ದರು. ನರಸಿಂಹುಲು ಒಬ್ಬನೇ ಎರಡು ಪಾಳಿ ಮಾಡುತ್ತಿದ್ದ. ಮರುದಿನ ಬೋರಿನ ಮೋಟರು ಬಿಚ್ಚುವುದಿತ್ತು, ಅದಕ್ಕೇ ಟ್ಯಾಂಕ್ ಪೂರ್ತಿ ತುಂಬಿಸಿಕೊಳ್ಳಲು ಮೇಲಿನಿಂದ ಹೇಳಿದ್ದರು. ವಾಪಸ್ ಬರುವ ನೀರಿಗೆ ಹತ್ತರಷ್ಟು ಜಾಗ ಬಿಟ್ಟೆ ಅಂದುಕೊಂಡು ಅವನು ಪ್ಯಾನೆಲ್ಲಿನಲ್ಲಿ ತೊಂಬತ್ತೆಂಟು ನೋಡಿ ನಿಲ್ಲಿಸಿದ. ಆಗ ಗಿರಣಿಯಿಂದ ಕುದಿಯುವ ನೀರು ವಾಪಸ್ ಬಂದು ಟ್ಯಾಂಕಿಗೆ ಬಿತ್ತು. ಅದಕ್ಕೆ ಜಾಗವಿರಲಿಲ್ಲ, ಉಕ್ಕಿ ಹೊರಗೆ ಸುರಿಯಿತು. ಏನು ಸದ್ದು ಅಂತ ನೋಡಲು ಅವನು ಕೆಳಗೆ ಇಳಿದಿದ್ದ. ಮೊಳಕಾಲಿನಿಂದ ಕೆಳಗೆ ಎರಡೂ ಕಾಲು ಬೆಂದಿವೆ. ನಾನು ಓಡಿ ಹೋದಾಗ ಅವನು ನೆಲದ ಮೇಲೆ ಕೂತು, “ತೊಂಬತ್ತೇ ಇತ್ತಲ್ಲ ಮೇಡಂ, ತೊಂಬತ್ತೇ ಇತ್ತು” ಅಂತ ಅದನ್ನೇ ಅನ್ನುತ್ತಿದ್ದ. ಮಹಬೂಬನಗರದ ಆಸ್ಪತ್ರೆಯಲ್ಲಿದ್ದಾನೆ. ಮಾಗನೂರಿನಿಂದ ಅವನ ಹೆಂಡತಿ ಕಿಷ್ಟಮ್ಮ ಬಂದಿದ್ದಾಳೆ.

ವಿಚಾರಣೆಗೆ ಮೂವರನ್ನು ನೇಮಿಸಿದ್ದಾರೆ. ಮೀಟರು ಸರಿಯಾಗಿದೆ, ತೊಂಬತ್ತೆಂಟು ತೋರಿಸಿದೆ, ಅದನ್ನು ನೋಡಿಯೂ ತುಂಬಿಸಿದ್ದು ಆಪರೇಟರನ ನಿರ್ಲಕ್ಷ್ಯ ಅಂತ ಮೊದಲ ವರದಿ ಬರೆದಾಗಿದೆ. ಕೆಲಸದಿಂದ ತೆಗೆಯುವ ನೋಟಿಸು ಆಸ್ಪತ್ರೆಯ ಮಂಚಕ್ಕೇ ಹೋಗಿದೆ. ಎಂಟು ಕಳೆಯುವ ವಿಷಯ ಅವನು ಹೇಳಿದರೆ ಯಾರೂ ನಂಬಲಿಲ್ಲ. ಉಳಿದ ಇಬ್ಬರು ಆಪರೇಟರುಗಳು ತಲೆ ತಗ್ಗಿಸಿ ನಿಂತರು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಚಿಕೆಯಾಗುತ್ತಿದೆ, ಆದರೂ ಹೇಳಲಿಲ್ಲ.

ಜೂನಿನಲ್ಲಿ “ತಂಟೆಗೆ ಹೋಗಬೇಡ” ಅಂತ ಬರೆದಿರಿ. ಯಾಕೆ ಅಂತ ಒಂದು ಸಾಲು ಬರೆಯಲು ನಿಮಗೇನಾಗಿತ್ತು? ಅಷ್ಟು ಬರೆದಿದ್ದರೆ ಅವನು ಇವತ್ತು ನಡೆದಾಡುತ್ತಿದ್ದ. ನಿಮ್ಮ ಮೇಲೆ ನನಗೆ ತುಂಬ ಸಿಟ್ಟಿದೆ ಅಯ್ಯನವರೇ. ನನ್ನ ಮೇಲೂ ಇದೆ, ಆದರೆ ಇವತ್ತು ನಿಮ್ಮ ಮೇಲೆ ಹೆಚ್ಚು.

ಹದಿನಾಲ್ಕರಂದು ಹಾಕಿದ ನನ್ನ ಪತ್ರ ನಿಮಗೆ ಯಾವತ್ತು ತಲುಪಿತು?

ಗಂಗಾಂಬಿಕಾ

—

ಮಕ್ತಲ್
10 ಅಕ್ಟೋಬರ್ 2018

ಗಂಗಾಳಿಗೆ,

ನೀನು ಸಿಟ್ಟಾಗಿದ್ದು ಸರಿ. ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು, ಇನ್ನು ಹರಿಯುವ ಶಕ್ತಿ ಇಲ್ಲ.

ಆ ಎಂಟು ಹೇಗೆ ಬಂತು ಹೇಳುತ್ತೇನೆ. ಹನ್ನೊಂದು ವರ್ಷದ ಹಿಂದೆ ಹಳೆಯ ಮೀಟರು ಕೆಟ್ಟಿತು. ಹೊಸದನ್ನು ಟ್ಯಾಂಕಿನ ತಳಕ್ಕೆ ಸಮನಾಗಿ ಕೂರಿಸಬೇಕು. ಅಲ್ಲಿ ಕೈ ಹೋಗುತ್ತಿರಲಿಲ್ಲ, ಸೊಂಟ ನೋಯುತ್ತಿತ್ತು, ಒಂದು ಗೇಣು ಕೆಳಗೆ ಕೂರಿಸಿದೆ. ಕೊಳವೆಯಲ್ಲಿ ನಿಂತ ನೀರಿನ ಭಾರವೂ ಸೇರಿ ಎಂಟು ಹೆಚ್ಚು ತೋರಿಸಿತು. ಸರಿ ಮಾಡಲು ಕೈಯಂತ್ರ ಬೇಕು, ಅದು ರಿಪೇರಿಗೆ ಹೋಗಿತ್ತು. ಬಂದ ಮೇಲೆ ಮಾಡೋಣ ಅಂದುಕೊಂಡು ಆಪರೇಟರುಗಳಿಗೆ, “ಈ ಮೀಟರಿಗೆ ಎಂಟು ಕಳದು ಓದ್ರಪ್ಪ” ಅಂದೆ. ನರಸಿಂಹುಲು ಆಗ ಹೊಸಬ. ನಾನು ಹೇಳಿದ್ದೆಲ್ಲ ಅವನಿಗೆ ವೇದ.

ಯಂತ್ರ ಬಂತು. ಅಷ್ಟರಲ್ಲಿ ಎಲ್ಲರಿಗೂ ಎಂಟು ಬಾಯಿಪಾಠವಾಗಿತ್ತು. ಈಗ ಸರಿ ಮಾಡಿದರೆ ಯಾಕೆ ತಪ್ಪಿತ್ತು ಅಂತ ಮೇಲಿನವರು ಕೇಳುತ್ತಾರೆ. ಟ್ಯಾಂಕು ತುಂಬಿತೆಂದು ಎಚ್ಚರಿಸುವ ಗಂಟೆ ಸುಮ್ಮಸುಮ್ಮನೆ ಬಡಿದುಕೊಳ್ಳುತ್ತಿತ್ತು, ಅದರ ತಂತಿಯನ್ನೂ ನಾನೇ ಬಿಚ್ಚಿದೆ. ಮಹಾಂತಯ್ಯನ ಕೆಲಸದಲ್ಲಿ ಐಬಿಲ್ಲ ಅಂತ ಇಡೀ ಗಿರಣಿ ಅನ್ನುತ್ತಿತ್ತು. ಆ ಮಾತು ನನಗೆ ಬೇಕಾಗಿತ್ತು. ಜೂನಿನಲ್ಲಿ ನಿನಗೆ ಯಾಕೆ ಬರೆಯಲಿಲ್ಲ ಅಂದರೆ ಇದಕ್ಕೇ. ಶಿಷ್ಯೆಯ ಮುಂದೆ ಸಣ್ಣವನಾಗಲು ಮನಸ್ಸಿರಲಿಲ್ಲ.

ನರಸಿಂಹುಲುವಿನ ಕೆಲಸ ಉಳಿಯಬೇಕು. ಕಮಿಟಿಯವರಿಗೆ ಈ ಕಾಗದವನ್ನೇ ತೋರಿಸು. ತಪ್ಪು ಮಹಾಂತಯ್ಯನದು ಅಂತ ಹೇಳು.

ಮಹಾಂತಯ್ಯ

—

ಗದ್ವಾಲ
2 ನವೆಂಬರ್ 2018

ಅಯ್ಯನವರಿಗೆ ಶರಣು.

ಕಾಗದ ತೋರಿಸಿದೆ. ಅದು ಕನ್ನಡದಲ್ಲಿದೆ ಅಂತ ಮೊದಲು ಪಕ್ಕಕ್ಕಿಟ್ಟರು. ತೆಲುಗಿನಲ್ಲಿ ಓದಿ ಹೇಳಿದೆ. ಆಮೇಲೆ ಶಿವಶಂಕರಪ್ಪನವರು ಆ ಮೀಟರಿನ ಜಾತಕ ತೆಗೆಯಲು ಹೇಳಿದರು. ಪರದೆಯ ಮೇಲೆ ಬಂತು: ಹನ್ನೆರಡು ಸೆಪ್ಟೆಂಬರ್, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು, ಸೊನ್ನೆ ಬದಲಾಯಿಸಿದವರು ಮಹಾಂತಯ್ಯ.

ನಿಮ್ಮ ಹೆಸರಲ್ಲಿ ಕೂತು ಕೆಲಸ ಮಾಡುತ್ತಿರುವುದು ನಾನೆಂದು ಶಿವಶಂಕರಪ್ಪನವರಿಗೆ ಗೊತ್ತು, ಅವರೇ ಕೊಟ್ಟ ಹೆಸರು. ಆದರೂ ಅವರು ಕನ್ನಡಕ ಒರೆಸಿಕೊಂಡು, “ಕಂಪ್ಯೂಟರ್‌ನಾಗ ಹಂಗೈತಿ ಅಂದ್ರ ಹಂಗ ಬರಕೊಳ್ರಿ” ಅಂದರು. ಹೊರಗೆ ಬಂದ ಮೇಲೆ ನನಗೆ ಸಣ್ಣ ದನಿಯಲ್ಲಿ, “ಅಯ್ಯಾರು ರಿಟೈರ್ ಆಗ್ಯಾರ, ಅವರ್ನ ಯಾರೇನು ಮಾಡಾಕ ಆಗತೈತಿ? ನರಸಿಂಹುಲುದೂ ಉಳೀತು, ನಿಂದೂ ಉಳೀತು. ಸುಮ್ಕಿರು” ಅಂದರು.

ಸುಮ್ಮನೆ ಬಂದೆ. ಹತ್ತು ದಿನವಾಯಿತು, ಸುಮ್ಮನೆಯೇ ಇದ್ದೇನೆ. ಅಮ್ಮನ ಕಣ್ಣಿಗೆ ಪೊರೆ ಬಂದಿದೆ, ಇನ್ನು ಹೆಚ್ಚು ದಿನ ಮಗ್ಗದಲ್ಲಿ ಕೂರಲಾರಳು. ನನಗೆ ಈ ಕೆಲಸ ಬೇಕು. ಇದನ್ನು ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ. ಪ್ರತಿದಿನ ಬೆಳಿಗ್ಗೆ ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ಒತ್ತುವಾಗ ಬೆರಳು ಭಾರವಾಗುತ್ತದೆ. ನಾನೇನು ಮಾಡಲಿ, ನೀವೇ ಹೇಳಿ.

ನನ್ನ ಒಂದು ಪ್ರಶ್ನೆಗೆ ನೀವು ಉತ್ತರ ಕೊಟ್ಟಿಲ್ಲ. ಬಿಡಿ, ಮತ್ತೆ ಕೇಳುವುದಿಲ್ಲ.

ಗಂಗಾ

—

ಗದ್ವಾಲ
27 ನವೆಂಬರ್ 2018

ಅಯ್ಯನವರಿಗೆ,

ಮೂರು ವಾರ ಕಾದೆ, ನಿಮ್ಮಿಂದ ಉತ್ತರ ಬರಲಿಲ್ಲ. ಆರೋಗ್ಯವಾಗಿದ್ದೀರೆಂದು ತಿಳಿದಿದ್ದೇನೆ.

ಕಳೆದ ಸೋಮವಾರ ಕಮಿಟಿಗೆ ಬರೆದುಕೊಟ್ಟೆ. ಮೀಟರನ್ನು ಸರಿ ಮಾಡಿದ ಕೈ ನನ್ನದು, ಹೆಸರು ಮಾತ್ರ ಮಹಾಂತಯ್ಯನವರದು; ಆಪರೇಟರುಗಳಿಗೆ ಬಾಯಲ್ಲಿ ಹೇಳದೆ ಕಂಪ್ಯೂಟರಿಗೆ ಮಾತ್ರ ಹೇಳಿ ಎದ್ದು ಹೋದವಳು ನಾನು ಅಂತ. ಧೈರ್ಯ ಬಂದು ಬರೆದದ್ದಲ್ಲ. ಸುಮ್ಮನಿರುವುದೂ ಒಂದು ದುಡಿಮೆ, ಅದು ನನ್ನ ಕೈಲಿ ಆಗಲಿಲ್ಲ. ಮೂರು ತಿಂಗಳು ಸಸ್ಪೆಂಡ್ ಮಾಡಿದ್ದಾರೆ. ಆಮೇಲೆ ಏನು ಅಂತ ಹೇಳಿಲ್ಲ. ನರಸಿಂಹುಲುವಿನ ನೋಟಿಸು ವಾಪಸ್ ಪಡೆದರು. ನಡೆಯಲು ಬಂದ ಮೇಲೆ ಗೇಟಿನಲ್ಲಿ ಕೂರುವ ಕೆಲಸ ಕೊಡುತ್ತಾರಂತೆ.

ಮೊನ್ನೆ ಮಾಗನೂರಿಗೆ ಅವನನ್ನು ನೋಡಲು ಹೋಗಿದ್ದೆ. ಕಿಷ್ಟಮ್ಮ ಬಾಗಿಲಲ್ಲಿಯೇ ನಿಂತಳು. “ಅಯ್ಯಾರು ಹೇಳಿದಂಗ ನಡದು ಹನ್ನೊಂದು ವರ್ಷ ಏನಾಗಿದ್ದಿಲ್ಲ. ನೀ ಬಂದಿ, ನನ್ನ ಗಂಡನ ಕಾಲು ಸುಟ್ಟಿ. ನಮ್ಮ ಬೀರಪ್ಪ ದೇವರು ನೋಡಕೊಂತಾನ ನಿನ್ನ” ಅಂತ ಹೇಳಿ ಬಾಗಿಲು ಹಾಕಿಕೊಂಡಳು. ಒಳಗೆ ಅವನು ಕೆಮ್ಮುವುದು ಕೇಳಿಸಿತು. ತಂದಿದ್ದ ಬಾಳೆಹಣ್ಣನ್ನು ಕಟ್ಟೆಯ ಮೇಲೆ ಇಟ್ಟು ಬಂದೆ. ಬಸ್ಸಿನಲ್ಲಿ ಅಳು ಬಂತು, ಪಕ್ಕದವರು ಯಾರು ತೀರಿಕೊಂಡರು ಅಂತ ಕೇಳಿದರು.

ಅವಳು ಅಂದದ್ದು ಸುಳ್ಳಲ್ಲ. ಆದರೆ ಅವನ ಮುಖ ಒಂದು ಸಲ ನೋಡದೆ ನನಗೆ ಯಾವ ಕೆಲಸವೂ ಮಾಡಲಾಗುವುದಿಲ್ಲ ಅನ್ನಿಸುತ್ತದೆ. ಇಷ್ಟೇ.

ಗಂಗಾಂಬಿಕಾ

—

ಮಕ್ತಲ್
9 ಡಿಸೆಂಬರ್ 2018

ಗಂಗಾ, ತಾಯಿ,

ನಿನ್ನ ನವೆಂಬರ್ ಎರಡರ ಕಾಗದಕ್ಕೆ ಉತ್ತರ ಬರೆಯದಿದ್ದುದಕ್ಕೆ ಕಾರಣ ಕಾಯಿಲೆಯಲ್ಲ. ಕಂಪ್ಯೂಟರು ನನ್ನ ಹೆಸರು ಹೇಳಿತು ಅಂತ ಓದಿದಾಗ, ಹೇಳಲಿ, ಹೇಗಿದ್ದರೂ ತಪ್ಪು ನನ್ನದೇ ಅಂತ ಸಮಾಧಾನ ಮಾಡಿಕೊಂಡು ಕೂತಿದ್ದೆ. ನಿನಗೆ ಸುಮ್ಮನಿರು ಅಂತ ಬರೆಯಲೂ ಆಗಲಿಲ್ಲ, ಹೇಳಿಬಿಡು ಅಂತಲೂ ಆಗಲಿಲ್ಲ.

ಮೊನ್ನೆ ಶುಕ್ರವಾರ ಓಟು ಹಾಕಿ, ಅಲ್ಲಿಂದ ನೇರ ಮಾಗನೂರಿಗೆ ಹೋದೆ. ಮಿಷಿನ್ನು ಕಿವಿಗೆ ಹಾಕಿಕೊಂಡಿದ್ದೆ. ಕಿಷ್ಟಮ್ಮ ನನ್ನನ್ನು ಕಂಡಕೂಡಲೇ ಓಡಿ ಬಂದು ಕಾಲಿಗೆ ನೀರು ಹಾಕಿ ನಮಸ್ಕಾರ ಮಾಡಿದಳು, ಕಂಬಳಿ ಹಾಸಿದಳು. ನರಸಿಂಹುಲು ಮಂಚದ ಮೇಲಿದ್ದ. ಕಾಲಿನ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿದೆ. ಏಳಲು ನೋಡಿದ, ನಾನು ಬೇಡ ಅಂದೆ.

ಅವನು ಅಂದ: “ಆ ಹುಡುಗಿ ಮಾಡಿದ್ದು ಇದು, ಅಯ್ಯಾರ. ನಿಮ್ಮದೇನೈತಿ ತಪ್ಪು? ನೀವು ಹೇಳಿಕೊಟ್ಟಂಗ ನಾ ಮಾಡೀನಿ. ಈಗೂ ಪ್ಯಾನೆಲ್ ಮುಂದ ಕುಂದ್ರಿಸಿದ್ರ ಎಂಟು ಕಳದ ಓದತೀನ್ರಿ.”

ಅಲ್ಲಿಗೇ ಎದ್ದು ಬರಬಹುದಾಗಿತ್ತು. ಗಂಡ ಹೆಂಡತಿ ಇಬ್ಬರೂ ನನ್ನನ್ನು ಕ್ಷಮಿಸಿ ಕೂತಿದ್ದರು. ನಾನು ಆ ಮನೆಗೆ ಹೋದದ್ದು ಕ್ಷಮೆ ಪಡೆಯಲಿಕ್ಕೆ ಅಂತ ದಾರಿಯುದ್ದಕ್ಕೂ ಅಂದುಕೊಂಡಿದ್ದೆ, ಅದು ಕೇಳದೆಯೇ ಸಿಕ್ಕಿತ್ತು.

ನೀನು ಕೇಳಿದ ಪ್ರಶ್ನೆಗೆ ಉತ್ತರವನ್ನು ಅವರಿಗೆ ಮೊದಲು ಹೇಳಿದೆ. ಈಗ ನಿನಗೆ ಹೇಳುತ್ತೇನೆ. ನಿನ್ನ ಪತ್ರ ನನಗೆ ಹದಿನೆಂಟನೇ ತಾರೀಖು, ಮಂಗಳವಾರ ಬೆಳಿಗ್ಗೆ ಸಿಕ್ಕಿತು. ಓದಿದ ತಕ್ಷಣ ಅಪಾಯ ಗೊತ್ತಾಯಿತು. ಬಸ್ಸು ಹತ್ತಿದ್ದರೆ ಎರಡು ತಾಸಿಗೆ ಗದ್ವಾಲ. ಗುರುಲಿಂಗಮ್ಮನ ಕೈಯಲ್ಲಿ ಫೋನ್ ಮಾಡಿಸಿದ್ದರೆ ಎರಡು ನಿಮಿಷ. ಬಂದರೆ ಎಲ್ಲರ ಎದುರಿಗೆ ಆ ಎಂಟು ಎಲ್ಲಿಂದ ಬಂತೆಂದು ಹೇಳಬೇಕಲ್ಲ ಅಂತ ಮಂಗಳವಾರ ಕಳೆದೆ. ಬುಧವಾರವೂ ಕಳೆದೆ. ಗುರುವಾರ ಬರೆದೆ, ಅದೂ ಅಂಚೆಗೆ ಹಾಕಿದೆ, ಅಂಚೆ ತಡವಾಗುತ್ತದೆಂದು ಗೊತ್ತಿದ್ದೂ. ಹನ್ನೊಂದು ವರ್ಷದ ಹಿಂದಿನದು ಸೋಮಾರಿತನ. ಈ ಎರಡು ದಿನ ಹಾಗಲ್ಲ. ನಿನ್ನ ಕಂಪ್ಯೂಟರಿನಲ್ಲಿ ಅವು ಎಲ್ಲಿಯೂ ಇಲ್ಲ.

ಇದನ್ನೆಲ್ಲ ಅವನ ಮುಖ ನೋಡಿ ಹೇಳಿದೆ. ಅವನು ತುಸು ಹೊತ್ತು ತನ್ನ ಕಾಲು ನೋಡಿಕೊಂಡ. “ಎರಡು ದಿನ ನಿಮಗ ಗೊತ್ತಿತ್ತಾ?” ಅಂದ. ಹೂಂ ಅಂದೆ. ಆಮೇಲೆ ಗೋಡೆಯ ಕಡೆಗೆ ಹೊರಳಿ ಮಲಗಿದ. ಕಿಷ್ಟಮ್ಮ ಒಲೆಯ ಮೇಲೆ ಚಹಾ ಇಟ್ಟಿದ್ದಳು. ಅದು ಉಕ್ಕಿತು, ಇಳಿಸಿದಳು, ಕೊಡಲಿಲ್ಲ. ಕಾಲು ಗಂಟೆ ಕೂತು ಎದ್ದೆ. ಬಂದಾಗ ಕಾಲಿಗೆ ಬಿದ್ದವಳು ಹೋಗುವಾಗ ಒಳಗಿನಿಂದ ಹೊರಗೆ ಬರಲಿಲ್ಲ. ನಮ್ಮ ಜಂಗಮರ ಮನೆತನದಲ್ಲಿ ಯಾರಿಗೂ ಹಾಗಾದದ್ದು ನಾನು ಕೇಳಿಲ್ಲ. ಬಾಗಿಲು ನಾನೇ ಮುಂದೆ ಎಳೆದುಕೊಂಡು ಬಂದೆ.

ಶನಿವಾರ ಇದೇ ವಿಷಯವನ್ನು ತೆಲುಗಿನಲ್ಲಿ ಬರೆಸಿ ಕಮಿಟಿಗೂ ಕಳಿಸಿದ್ದೇನೆ. ನಿನ್ನ ಕೆಲಸಕ್ಕೆ ಅದರಿಂದ ಉಪಯೋಗವಾದೀತೋ ಇಲ್ಲವೋ ತಿಳಿಯದು.

ನೀನು ಮಾಗನೂರಿಗೆ ಇನ್ನೊಮ್ಮೆ ಹೋಗು. ಈ ಸಲ ಕಿಷ್ಟಮ್ಮ ಬಾಗಿಲು ತೆಗೆಯುತ್ತಾಳೆ.

ಮಹಾಂತಯ್ಯ